ಪಶ್ಚಿಮಕ್ಕೆ: ಸಮುದ್ರ

ಉಳ್ಳಾಲದ ಕಡಲ ಬದಿಯ ಹಳೆಯ ಕ್ರಯಪತ್ರವೊಂದನ್ನು ಬಿಡಿಸಿ ಚೆಕ್ಕುಬಂದಿ ಓದಿ. ಪೂರ್ವಕ್ಕೆ ರಸ್ತೆ, ಉತ್ತರಕ್ಕೆ ಇಂಥವರ ಹಿತ್ತಿಲು, ಪಶ್ಚಿಮಕ್ಕೆ ಸಮುದ್ರ. ಬರೆಸಿದವರು ಸಮುದ್ರವನ್ನು ಕಂಪೌಂಡು ಗೋಡೆಯೆಂದೇ ನಂಬಿದ್ದರು. ಆ ಗೋಡೆ ಈಗ ಅಂಗಳಕ್ಕೆ ಬಂದಿದೆ. ಕೆಲವರ ಅಡುಗೆಮನೆಯನ್ನೂ ದಾಟಿದೆ. ಪಹಣಿ ಮಾತ್ರ ಜಗ್ಗುವುದಿಲ್ಲ. ಅದರ ಪ್ರಕಾರ ಇಂದಿಗೂ ಇಪ್ಪತ್ತು ಸೆಂಟ್ಸು, ಬಾಗಾಯ್ತು, ಬೆಳೆ ತೆಂಗು. ತೆಂಗಿನ ಬುಡದಲ್ಲಿ ಬಂಗುಡೆ ಓಡಾಡುತ್ತಿರುವುದನ್ನು ನಮೂದಿಸಲು ಕಾಲಂ ಇಲ್ಲ.

ಕಡಲು ಎಷ್ಟು ನುಂಗಿದೆಯೆಂದು ತಿಳಿಯಬೇಕೆ? ಹದ್ದುಬಸ್ತಿಗೆ, ಅಂದರೆ ಜಾಗದ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿ. ಅಕ್ಕಪಕ್ಕದ ಹಿಡುವಳಿದಾರರಿಗೆಲ್ಲ ನೋಟಿಸು ಹೋಗಬೇಕು. ಪಶ್ಚಿಮದ ಹಿಡುವಳಿದಾರನ ಹೆಸರು ಅರಬ್ಬಿ; ಆಧಾರ್ ಇಲ್ಲ, ಮಳೆಗಾಲದಲ್ಲಷ್ಟೇ ಮನೆಗೆ ಬರುತ್ತಾನೆ, ಬಂದರೆ ಸಹಿ ಹಾಕುವ ಮೇಜನ್ನೂ ಬಿಡುವುದಿಲ್ಲ.

ಹಳೆಯ ಕಡತ ಹುಡುಕಹೊರಟವರ ಪಾಡು ಇನ್ನೂ ಸೊಗಸು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಹೋಯಿತು, ದಕ್ಷಿಣ ಕೆನರಾ ಮದರಾಸಿನಲ್ಲೇ ಉಳಿಯಿತು. ಹೀಗಾಗಿ ಉತ್ತರದ ಪಾಲಿಗೆ ಬಂದ ಭಟ್ಕಳದ ಚರಿತ್ರೆಗೆ ಮುಂಬಯಿ ರೈಲು ಹತ್ತಬೇಕು, ದಕ್ಷಿಣದ ಪಾಲಿನ ಬೈಂದೂರಿನದಕ್ಕೆ ಚೆನ್ನೈ ರೈಲು. ಎರಡೂರಿನ ನಡುವೆ ಇರುವುದು ಶಿರೂರೆಂಬ ಒಂದು ಊರು.

ಸರ್ವೆ ಆಫ್ ಇಂಡಿಯಾದ ನಕ್ಷೆ ನೋಡಿಬಿಡೋಣ ಎನ್ನುವಿರಾ? 2005ರಲ್ಲಿ ರಾಷ್ಟ್ರೀಯ ನಕ್ಷಾ ನೀತಿ ಬರುವವರೆಗೆ ಕರಾವಳಿಯಿಂದ ಸುಮಾರು 80 ಕಿ.ಮೀ. ಒಳಗಿನ ವಿವರವಾದ ನಕ್ಷೆಗಳು ಜನಸಾಮಾನ್ಯರಿಗೆ ನಿರ್ಬಂಧಿತವಾಗಿದ್ದವು. ಅಂದರೆ ಕಡಲ ಗಾಳಿಯೂ ಸೋಕದ ಬೆಳ್ತಂಗಡಿ, ಸುಳ್ಯಗಳೂ ದೇಶದ ಗುಟ್ಟು! ವೈರಿಗಳ ಕಣ್ಣಿಗೆ ಬೀಳಬಾರದಲ್ಲ. ಅತ್ತ ಅಮೆರಿಕದ ಸೇನೆ 1950ರ ದಶಕದಲ್ಲಿ ಅಚ್ಚು ಹಾಕಿಸಿದ ಭಾರತದ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ತನ್ನ ಜಾಲತಾಣದಲ್ಲಿ ಬಿಟ್ಟಿ ಹಂಚುತ್ತಿದೆ. ನಮ್ಮೂರಿನ ಗುಟ್ಟು ನಮ್ಮೂರಿನವರಿಗೆ ಮಾತ್ರ ತಿಳಿಯದಂತೆ ಕಾಯ್ದ ಸಾಧನೆಗೆ ಪದಕ ಕೊಡಬೇಕಿತ್ತು. 2021ರಲ್ಲಿ ನಿಯಮ ಸಡಿಲವಾಯಿತು. ಅಷ್ಟರಲ್ಲಿ ದಡವೂ ಸಡಿಲವಾಗಿತ್ತು.

ಹೊಸ ಸಮಾಚಾರವೆಂದರೆ, ದೇಶದ ಕರಾವಳಿಯ ಉದ್ದ 7,516 ಕಿ.ಮೀ.ಯಿಂದ 11,098 ಕಿ.ಮೀ.ಗೆ ಏರಿದೆ. ಹೊಸ ನೆಲವೇನೂ ಸಿಕ್ಕಿಲ್ಲ. ಹೆಚ್ಚು ವಿವರವಾದ ನಕ್ಷೆ ಹರಡಿಕೊಂಡು ಅಂಕುಡೊಂಕುಗಳನ್ನೆಲ್ಲ ಬಿಡದೆ ಅಳೆದ ಫಲ. ಇಷ್ಟು ಉದ್ದದಲ್ಲಿ ನಮ್ಮ ಜಾಗ ಎಲ್ಲಿ ಹೋಯಿತೆಂದು ಕೇಳಬಯಸುವವರು ಸದರಿ ಜಾಗದ ಈ ಸಾಲಿನ ತೀರ್ವೆ ಕಟ್ಟಿ, ರಸೀದಿಯ ಪ್ರತಿ ಲಗತ್ತಿಸಿ ಅರ್ಜಿ ಸಲ್ಲಿಸತಕ್ಕದ್ದು.