ಬಾಣದ ಗುರುತು ಆಗುಂಬೆಯ ಕಡೆಗೆ

ಗಂಟೆಗೆ 25 ಕಿಲೋಮೀಟರ್ ವೇಗ ಮೀರದ, 250 ವ್ಯಾಟ್‌ ದಾಟದ ಮೋಟಾರಿನ ವಿದ್ಯುತ್ ಸ್ಕೂಟರಿಗೆ ನೋಂದಣಿ ಬೇಡ, ಓಡಿಸುವವರಿಗೆ ಲೈಸೆನ್ಸ್ ಬೇಡ. ಕೆಎ 14 ಎಂಬ ಫಲಕ ಹೊರುವ ಯೋಗ್ಯತೆಯೂ ಇಲ್ಲದ ಇದನ್ನು ಮಿಕ್ಸಿ ಕೊಂಡಂತೆ ಮೊಬೈಲಿನಲ್ಲೇ ಕೊಳ್ಳಬಹುದು. ಲೈಸೆನ್ಸಿನ ಅವಧಿ ಮುಗಿದು ಯಾವುದೋ ಕಾಲವಾಗಿದ್ದ ಅಪ್ಪಯ್ಯನಿಗೆ ಡೇರಿಗೆ ಹಾಲು ಒಯ್ಯಲು ಇದೇ ಸರಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ತೀರ್ಥಹಳ್ಳಿಯ ಪಿನ್‌ಕೋಡ್ 577432 ಒತ್ತಿದ ಕೂಡಲೇ ‘ಮನೆ ಬಾಗಿಲಿಗೇ ತಲುಪಿಸಲಾಗುವುದು’ ಎಂಬ ಹಸಿರು ಅಕ್ಷರ ಮೂಡಿತು. ನಮ್ಮ ಮನೆ ಬಾಗಿಲಿಗೂ ಡಾಂಬರು ರಸ್ತೆಗೂ ನಡುವೆ ಒಂದು ಏರು, ಹಳ್ಳ ದಾಟಲು ಒಂದು ಸಂಕ, ಬೇಲಿ ದಾಟಲು ಒಂದು ದಣಪೆ ಇರುವುದು ಪಿನ್‌ಕೋಡಿಗೆ ಹೇಗೆ ಗೊತ್ತಾಗಬೇಕು?

ಲಾರಿ ಡಾಂಬರು ಮುಗಿಯುವಲ್ಲಿಗೆ ನಿಂತಿತು. ಒಳಗೆ ಆಳೆತ್ತರದ ರಟ್ಟಿನ ಡಬ್ಬ, ಸುತ್ತ ಮರದ ಪಟ್ಟಿಯ ಚೌಕಟ್ಟು. ಡಬ್ಬದ ಮೇಲೆ ಮೂರು ಚಿತ್ರಗಳಿದ್ದವು. ಗಾಜಿನ ಲೋಟ ಎಂದರೆ ಒಡೆಯುವ ವಸ್ತು, ಜೋಪಾನ. ಕೊಡೆ ಎಂದರೆ ಮಳೆಗೆ ಒಡ್ಡಬೇಡಿ. ಜೋಡಿ ಬಾಣ ಎಂದರೆ ಈ ಬದಿ ಮೇಲಿರಲಿ. ಡಬ್ಬ ಅಡ್ಡಡ್ಡ ಮಲಗಿದ್ದರಿಂದ ಬಾಣಗಳು ಆಗುಂಬೆಯ ಕಡೆ ತೋರಿಸುತ್ತಿದ್ದವು. ಆರಿದ್ರಾ ಮಳೆಯಲ್ಲಿ ಆ ಸರಕಿಗೆ ದಕ್ಕಿದ್ದ ಕೊಡೆಯೂ ಅಚ್ಚಾದದ್ದು ಮಾತ್ರ.

“ಮಂಡಗದ್ದೆಯ ತಿರುವುಗಳಲ್ಲಿ ಸ್ವಲ್ಪ ವಾಲಿರಬೇಕು” ಎಂದ ಚಾಲಕ. ಪಾಪ, ನಮ್ಮ ಕಡೆಯ ತಿರುವುಗಳ ಮೇಲೆ ಯಾರು ಬೇಕಾದರೂ ತಪ್ಪು ಹೊರಿಸಬಹುದು. ತುಂಗೆಯ ಪಕ್ಕದ ಆ ರಸ್ತೆಯಲ್ಲಿ ಬಸ್ಸಿನ ತಲೆಯ ಮೇಲೆ ಕುಳಿತ ಬಾಳೆಗೊನೆ ಒಂದು ಕಾಯಿ ಉದುರದಂತೆ ಶಿವಮೊಗ್ಗ ತಲುಪಿದ್ದನ್ನು ನಾನು ನೋಡಿದ್ದೇನೆ. ಸಾಮಾನು ಒಡೆಯುವುದು ಓಡುವ ಲಾರಿಯಲ್ಲಲ್ಲ, ನಿಂತ ಲಾರಿಯಲ್ಲಿ. ಒಂದು ಗೋಡೌನಿನಲ್ಲಿ ಇಳಿಸಿ, ಇನ್ನೊಂದರಲ್ಲಿ ಏರಿಸಿ, ಮೂರನೆಯದರಲ್ಲಿ ಅದರ ಮೇಲೆ ಯಾರದೋ ಫ್ರಿಜ್ ಹೇರುವಾಗ.

ಚಾಲಕ ರಸೀದಿ ಚಾಚಿದ. ಒಂದು ಮೂಲೆಯಲ್ಲಿ ‘ಸರಕಿನ ಹೊಣೆ ಮಾಲೀಕರದು’ ಎಂದಿತ್ತು. ಇನ್ನೊಂದು ಮೂಲೆಯಲ್ಲಿ, ಸಹಿಗೆ ಬಿಟ್ಟ ಜಾಗದ ನೆತ್ತಿಯ ಮೇಲೆ, ‘ಸರಕು ಸುಸ್ಥಿತಿಯಲ್ಲಿ ತಲುಪಿದೆ’ ಎಂದು ಮೊದಲೇ ಅಚ್ಚಾಗಿತ್ತು. ಬಿಚ್ಚಿ ನೋಡಿ ಸಹಿ ಹಾಕುತ್ತೇವೆಂದರೆ, “ಸಹಿ ಹಾಕದೆ ಬಿಚ್ಚುವಂತಿಲ್ಲ ಸಾರ್” ಎಂದ.

ಆಯುಷ್ಯವಿಡೀ ಮಂಡಿಯಲ್ಲಿ ಅಡಿಕೆ ಮಾರಿದ ಅಪ್ಪಯ್ಯ ತೂಕದ ಮುಳ್ಳು ನಿಲ್ಲುವ ಮುನ್ನ ಯಾವ ಚೀಟಿಗೂ ಸಹಿ ಹಾಕಿದವರಲ್ಲ. ಕನ್ನಡಕ ಏರಿಸಿ, ನನ್ನ ಬೆನ್ನನ್ನೇ ಮೇಜು ಮಾಡಿಕೊಂಡು, ಆ ಅಚ್ಚಾದ ಸಾಲನ್ನು ಹೊಡೆದುಹಾಕಿ ಕೆಳಗೆ ಬರೆದರು: “ಡಬ್ಬದ ಎಡ ಮೂಲೆ ಒಡೆದಿದೆ. ಅಲ್ಲಾಡಿಸಿದರೆ ಒಳಗೆ ಲೊಡಲೊಡ ಎನ್ನುತ್ತಿದೆ. ಬಿಚ್ಚಿ ನೋಡಲು ಬಿಡಲಿಲ್ಲ.” ಆಮೇಲೆ ತಾರೀಖು, ಸಮಯ, ಸಹಿ. ಚಾಲಕನಿಗೆ ಓದಿ ಹೇಳಿ ಅವನಿಂದಲೂ ಸಹಿ ಹಾಕಿಸಿದರು. ನಾನಂತೂ ಅದರ ಫೋಟೋ ತೆಗೆದುಕೊಂಡದ್ದು ನಗುವುದಕ್ಕೆಂದು.

ಅಡಿಕೆಗೆ ಬೋರ್ಡೋ ಔಷಧಿ ಹೊಡೆಯಲು ಮಳೆ ಬಿಡುವು ಕೊಡದೆ ಖಾಲಿ ಕುಳಿತಿದ್ದ ಊರು ಹೊರಲು ಬಂತು. ಹೊತ್ತು ತಂದ ಮೇಲೆ ಬಿಚ್ಚದೆ ಹೋಗುವವರುಂಟೇ? ಮುಂಭಾಗದ ಪ್ಲಾಸ್ಟಿಕ್ ಹಲಗೆ ಉದ್ದಕ್ಕೆ ಸೀಳಿತ್ತು, ಎಡಗಡೆಯ ಬ್ರೇಕ್ ಹಿಡಿ ಬಾಗಿತ್ತು, ಒಂದು ಕನ್ನಡಿ ಪುಡಿಯಾಗಿತ್ತು. ಲೊಡಲೊಡ ಎಂದದ್ದು ಅದೇ. ಮೇಲಿನಮನೆ ಮಾವ ಸೀಳನ್ನು ಸವರಿ, “ಇದಕ್ಕೆ ಕಂಪನಿ ಯಾಕೆ? ತಂತಿ ಕಾಯಿಸಿ ಎರಡೂ ಕಡೆ ತೂತು ಮಾಡಿ ಹೊಲಿದರಾಯಿತು” ಎಂದರು.

ಕಂಪನಿಯ ಹುಡುಗಿ ಬಹಳ ಮರ್ಯಾದೆಯವಳು. ಡಬ್ಬ ಬಿಚ್ಚುವಾಗ ತೆಗೆದ ವಿಡಿಯೋ ಕೇಳಿದಳು. ಇತ್ತು. ಅದರಲ್ಲಿ ಹೆಚ್ಚಿನ ಪಾಲು ಊರಿನವರ ಬೆನ್ನುಗಳು, ನಡುನಡುವೆ “ಎಲ್ಲರಿಗೂ ಕಾಫಿ ಆಯಿತೇ?” ಎಂಬ ಅಮ್ಮನ ಧ್ವನಿ. ಗುಡ್ಡದ ಮೇಲಿನ ಹಲಸಿನ ಮರದಡಿ ಮಾತ್ರ ಸಿಗುವ ಸಿಗ್ನಲ್ಲಿಗೆ ಕೊಡೆ ಹಿಡಿದು ನಿಂತು ಅದನ್ನು ಕಳುಹಿಸಿದೆ. ಸ್ಕೂಟರಿನ ಫೋಟೋಗಳನ್ನೂ ಕಳುಹಿಸಿದೆ. ಫೋಟೋ ಎಂದರೆ ಅಂಗಿ ಬದಲಿಸಿ ನೆಟ್ಟಗೆ ನಿಲ್ಲಬೇಕೆಂದು ನಂಬಿರುವ ಅಪ್ಪಯ್ಯ ಎಲ್ಲದರಲ್ಲೂ ಒಡೆದ ಹಲಗೆಯ ಮುಂದೆ ನಗುತ್ತ ನಿಂತಿದ್ದರು. “ಗ್ರಾಹಕರು ಸಂತೋಷವಾಗಿರುವಂತೆ ಕಾಣುತ್ತದೆ” ಎಂದು ಉತ್ತರ ಬಂತು.

ಮರುದಿನ ಇನ್ನೊಂದು ಸೂಚನೆ: ಮೂಲ ಪೆಟ್ಟಿಗೆಯಲ್ಲೇ, ಮರದ ಚೌಕಟ್ಟಿನ ಸಮೇತ ಹಿಂದಿರುಗಿಸಿ. ಮಳೆಗಾಲದ ಮಲೆನಾಡಿನಲ್ಲಿ ಒಣಗಿದ ಮರದ ಪಟ್ಟಿ ಮನೆಗೆ ಬಂದರೆ ಅದರ ಗತಿ ಏನೆಂದು ಅವರಿಗೆ ಯಾರು ಹೇಳಬೇಕು! ಅಮ್ಮ ಅಷ್ಟೂ ಪಟ್ಟಿಗಳನ್ನು ಬಚ್ಚಲ ಒಲೆಗೆ ಇಟ್ಟಾಗಿತ್ತು. ಮನೆಮಂದಿಯೆಲ್ಲ ಹದವಾದ ಬಿಸಿನೀರು ಮಿಂದಿದ್ದೆವು.

ಆಮೇಲಿನ ನಿರುತ್ಸಾಹದ ಪತ್ರವ್ಯವಹಾರವನ್ನು ಬಿಟ್ಟುಬಿಡುತ್ತೇನೆ. ಮಾರಿದವರು ಸಾಗಣೆಯವರತ್ತ, ಸಾಗಣೆಯವರು ‘ಮಾಲೀಕರ ಹೊಣೆ’ಯತ್ತ ಬೆರಳು ತೋರಿಸಿದರು. ದಾರಿಯಲ್ಲಿದ್ದಾಗ ಅದರ ಮಾಲೀಕರು ಯಾರು ಎಂದು ಕೇಳಿದರೆ ಇಬ್ಬರ ಫೋನೂ ಕಡಿದುಹೋಗುತ್ತಿತ್ತು. ವಕೀಲಿಕೆ ಓದುತ್ತಿರುವ ಅತ್ತೆಯ ಮಗಳು ದಾರಿ ತೋರಿಸಿದಳು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಐದು ಲಕ್ಷ ರೂಪಾಯಿಯವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ನಾನು ಅಪ್ಪಯ್ಯ ಬರೆದ ರಸೀದಿಯ ಫೋಟೋವನ್ನು ಲಗತ್ತಿಸಿ ಕುಂದುಕೊರತೆ ಅಧಿಕಾರಿಗೆ ಬರೆದೆ. ವಿಡಿಯೋಗೆ ಕರಗದ ಕಂಪನಿ ‘ಲೊಡಲೊಡ’ಕ್ಕೆ ಕರಗಿತು. ಚಾಲಕನ ಸಹಿ ಇತ್ತಲ್ಲ!

ಹೊಸ ಹಲಗೆ, ಹಿಡಿ, ಕನ್ನಡಿ ಬಂದವು. ಸ್ಕೂಟರ್ ಬಿಳಿ, ಹಲಗೆ ನೀಲಿ. ಬಿಳಿಯದು ದಾಸ್ತಾನಿಲ್ಲವಂತೆ. ಅಪ್ಪಯ್ಯ ಅದರಲ್ಲೇ ಹಾಲಿನ ಕ್ಯಾನ್ ಸಿಕ್ಕಿಸಿಕೊಂಡು ಡೇರಿಗೆ ಹೋಗುತ್ತಾರೆ. ಏರು ಬಂದಾಗ 250 ವ್ಯಾಟ್ ಕೈಚೆಲ್ಲುತ್ತದೆ. ಇಳಿದು, ಅದರ ಜೊತೆ ನಡೆದು, ನೆತ್ತಿಯಲ್ಲಿ ಮತ್ತೆ ಹತ್ತುತ್ತಾರೆ.

ಮೊನ್ನೆ ಕಂಪನಿಯಿಂದ ಸಂದೇಶ ಬಂತು: ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ಅಪ್ಪಯ್ಯನನ್ನು ಕೇಳಿದೆ. ಎಲೆಗೆ ಸುಣ್ಣ ಸವರುತ್ತಿದ್ದವರು ಬೆರಳು ಮಡಚಿದರು.

“ಆರಿದ್ರೆಯಲ್ಲಿ ಬಂತು. ಪುನರ್ವಸು ಪೂರ್ತಿ ಜಗಳಕ್ಕೆ ಹೋಯಿತು. ಪುಷ್ಯದಲ್ಲಿ ರಿಪೇರಿಯಾಯಿತು. ಮೂರು ಕೊಡು.”