ಸುಳ್ಳಿಗೆ ಸೂಟು ಬೂಟು

ಸುಳ್ಳುಗಾರನನ್ನು ಇಂಗ್ಲಿಷರಷ್ಟು ಮರ್ಯಾದೆಯಿಂದ ಬೈಯುವವರು ಬೇರೆ ಯಾರೂ ಇರಲಿಕ್ಕಿಲ್ಲ. ಅವರ ಪಾರ್ಲಿಮೆಂಟಿನಲ್ಲಿ ಇನ್ನೊಬ್ಬ ಸದಸ್ಯನನ್ನು 'ಸುಳ್ಳುಗಾರ' ಅನ್ನುವ ಹಾಗೇ ಇಲ್ಲ. ಅಂದರೆ ಸ್ಪೀಕರ್ ಮಾತು ವಾಪಸ್ ತೆಗೆದುಕೊಳ್ಳಿ ಅಂತಾರೆ. ಹಾಗಾಗಿ 1906ರಲ್ಲಿ ಚರ್ಚಿಲ್ ಅಲ್ಲಿ ಎದ್ದು ನಿಂತು ಹೇಳಿದ 'ಟರ್ಮಿನಲಾಜಿಕಲ್ ಇನ್‌ಎಕ್ಸಾಕ್ಟಿಟ್ಯೂಡ್', ಅಂದರೆ ಪದಬಳಕೆಯಲ್ಲಿ ಆದ ತಪ್ಪು ಎಂಬ ಮಾತು, ಆಮೇಲೆ ಸುಳ್ಳಿಗೇ ಮರ್ಯಾದೆಯ ಹೆಸರಾಗಿಬಿಟ್ಟಿತು. ಅಷ್ಟುದ್ದ ಹೇಳಿ ಮುಗಿಸುವುದರೊಳಗೆ ನಮ್ಮಲ್ಲಾದರೆ ಎರಡು ಏಟು ಬಿದ್ದಿರುತ್ತದೆ. 1986ರಲ್ಲಿ ರಾಬರ್ಟ್ ಆರ್ಮ್‌ಸ್ಟ್ರಾಂಗ್ ಎಂಬ ದೊಡ್ಡ ಅಧಿಕಾರಿ ಸಿಡ್ನಿಯ ಕೋರ್ಟಿನಲ್ಲಿ ಒಂದು ಪತ್ರದ ಬಗ್ಗೆ ಇನ್ನೂ ಚೆಂದ ಹೇಳಿದರು. ಅದರಲ್ಲಿ ಸುಳ್ಳೇನೂ ಇಲ್ಲವಂತೆ, ಸತ್ಯವನ್ನು ಸ್ವಲ್ಪ ಹಿಡಿದು ಖರ್ಚು ಮಾಡಿದ್ದಂತೆ!

ನಮ್ಮ ಕುಂಬಳೆ ಕಡೆ ಇಷ್ಟೆಲ್ಲ ರಗಳೆ ಇಲ್ಲ. 'ಲೊಟ್ಟೆ' ಅಂದರೆ ಮುಗಿಯಿತು.

ಇದೆಲ್ಲ ಈಗ ಯಾಕೆ ಅಂದರೆ, ಹತ್ತನೇ ಕ್ಲಾಸಿನ ನಮ್ಮ ಅಳಿಯ ಟ್ಯೂಷನ್ನಿನಿಂದ ಒಂದು ಹಾಳೆ ತಂದಿದ್ದ. ತೋರಿಕೆ, ಸತ್ಯ, ಮೋಸ ಇವುಗಳ ಮೇಲಿನ ಇಂಗ್ಲಿಷ್ ನುಡಿಗಟ್ಟುಗಳ ಉದ್ದ ಪಟ್ಟಿ. ಬರೇ ಬಾಯಿಪಾಠ ಆಗಿದ್ದರೆ ತೊಂದರೆ ಇರಲಿಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ 'ನಿಮ್ಮ ಸುತ್ತಲಿನ ಜೀವನದಿಂದ ಉದಾಹರಣೆ ಕೊಡಿ' ಅಂತ ಬೇರೆ ಬರೆದಿತ್ತು. ಆ ಸಾಲು ಬರೆದವರಿಗೆ ಕೂಡುಕುಟುಂಬ ಅಂದರೇನೆಂದು ಗೊತ್ತಿರಲಿಕ್ಕಿಲ್ಲ.

ಮೊದಲು ಬಂದದ್ದು 'ಕ್ರೊಕೊಡೈಲ್ ಟಿಯರ್ಸ್'. ಮೊಸಳೆ ತಿನ್ನುವಾಗ ಅಳುತ್ತದಂತೆ, ಅದು ಕಳ್ಳ ಅಳು ಅಂತ ಅಳಿಯ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದ. ಒಳಗಿಂದ ಅಜ್ಜಿ ಬಂದರು.

"ಯಾವ ಮೊಸಳೆ ಅದು?"

"ಎಲ್ಲಾ ಮೊಸಳೆ, ಅಜ್ಜಿ."

ಕೆಟ್ಟಿತು. ಅನಂತಪುರದ ಕೆರೆ ನಮ್ಮಲ್ಲಿಂದ ದೂರವಿಲ್ಲ. ಅಲ್ಲಿನ ಬಬಿಯಾ ಮೊಸಳೆ ದೇವಸ್ಥಾನದ ನೈವೇದ್ಯ ತಿಂದುಕೊಂಡಿದ್ದದ್ದು. 2022ರ ಅಕ್ಟೋಬರಿನಲ್ಲಿ ಅದು ಸತ್ತಾಗ ಜನ ಸಾಲುಗಟ್ಟಿ ಹೋಗಿ ಕೈಮುಗಿದಿದ್ದರು. ಆ ದಿನ ಅಜ್ಜಿ ರಾತ್ರಿ ಊಟ ಬಿಟ್ಟಿದ್ದರು. "ಅದರ ಮೊದಲಿನ ಮೊಸಳೆಗೆ ಗುಂಡು ಹೊಡೆದವನೇ ಒಬ್ಬ ಬ್ರಿಟಿಷ್ ಸಿಪಾಯಿ. ಹೊಡೆದದ್ದು ಅವರು, ಕಳ್ಳ ಅಂತ ಹೆಸರು ಮೊಸಳೆಗೆ!" ಅಂತ ಅಜ್ಜಿ ಶುರು ಮಾಡಿದರು. ಸಿಪಾಯಿಯ ಕಥೆ ಊರಲ್ಲಿ ಎಲ್ಲರೂ ಹೇಳುವಂಥದ್ದೇ. ತಿನ್ನುವಾಗ ಮೊಸಳೆಯ ಕಣ್ಣಲ್ಲಿ ನೀರು ಬರುವುದು ನಿಜ, ದುಃಖಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ನಾನು ಮಧ್ಯೆ ಬಾಯಿ ಹಾಕಿದೆ. ನನಗೂ ಬೈಗುಳ ಬಿತ್ತು. ಮುಂದಿನದು 'ರೆಡ್ ಹೆರಿಂಗ್'. ಹೆರಿಂಗ್ ಅಂದರೆ ಮೀನು ಅಂತ ಗೊತ್ತಾದ ಕೂಡಲೇ ಅಜ್ಜಿ ಅದನ್ನು ಪಟ್ಟಿಯಿಂದಲೇ ಹೊಡೆದು ಹಾಕಿಸಿದರು.

'ಆಲ್ ದಟ್ ಗ್ಲಿಟರ್ಸ್' ಬಂದ ದಿನದ್ದು ಮಾತ್ರ ತಮಾಷೆಯಲ್ಲ. ದೊಡ್ಡಮ್ಮ ಮದುವೆಗೆ ಹೊರಟು ಜಗಲಿಗೆ ಬಂದಿದ್ದರು. ಕೈತುಂಬ ಬಳೆ. ಅಳಿಯ ಸುಮ್ನೆ ಆ ಬಳೆ ತೋರಿಸಿ, "ಹೊಳೆಯುವುದೆಲ್ಲ ಚಿನ್ನ ಅಲ್ಲ" ಅಂದ. ಅವನಿಗೆ ಬೇಕಾದ್ದು ಒಂದು ಉದಾಹರಣೆ, ಅಷ್ಟೇ. ದೊಡ್ಡಮ್ಮ ನಕ್ಕರು. ದೊಡ್ಡಪ್ಪ ನಗಲಿಲ್ಲ. "ಅವನಿಗೆ ಯಾರು ಹೇಳಿದ್ದು?" ಅಂತ ಬಾಯಿತಪ್ಪಿ ಕೇಳಿಬಿಟ್ಟರು. ಅಸಲಿ ಬಳೆಗಳು ಬ್ಯಾಂಕಿನಲ್ಲಿ ಅಡವಿದ್ದವು, ಕೈಯಲ್ಲಿದ್ದದ್ದು ಕವರಿಂಗ್. ಬದಲಾಯಿಸಿದ್ದು ದೊಡ್ಡಮ್ಮನಿಗೂ ಗೊತ್ತಿರಲಿಲ್ಲ! ಆ ಮದುವೆಗೆ ಕೊನೆಗೆ ನಾನೊಬ್ಬನೇ ಹೋದೆ. ಪಾಯಸ ಚೆನ್ನಾಗಿತ್ತು.

ಇಷ್ಟಾದ ಮೇಲೆ ಉದಾಹರಣೆಗಳನ್ನು ಮನೆಯ ಹೊರಗೆ ಹುಡುಕು ಅಂತ ಅಳಿಯನಿಗೆ ಕಟ್ಟಪ್ಪಣೆ ಆಯಿತು. ಅವನು ಅಂಗಳಕ್ಕಿಳಿದ. ಅಂಗಳದಲ್ಲಿ ಅಡಿಕೆ ವ್ಯಾಪಾರಿ ಬಂದಿದ್ದರು.

ಸುಲಿದ ಚಾಲಿ ಅಡಿಕೆಯ ಗೋಣಿಗಳನ್ನು ಅಪ್ಪ ಸಾಲಾಗಿ ಇಡಿಸಿದ್ದರು. ಗೋಣಿಯ ಬಾಯಲ್ಲಿ ಉರುಟು ಉರುಟು, ಬೆಳ್ಳಗಿನ ಅಡಿಕೆ. ವ್ಯಾಪಾರಿ ಅದರ ಕಡೆ ನೋಡಲೂ ಇಲ್ಲ. ತೋಳು ಮಡಚಿ, ಮೊಣಕೈಯವರೆಗೆ ಕೈ ತೂರಿಸಿ, ಅಡಿಯಿಂದ ಒಂದು ಹಿಡಿ ತೆಗೆದರು. ಪಟೋರ, ಕರಿಗೋಟು ಅಂತ ಕಡಿಮೆ ದರ್ಜೆಯ ಅಡಿಕೆ ಎಲ್ಲ ಬಂತು. ಒಂದನ್ನು ಕತ್ತರಿಸಿ ನೋಡಿದರೆ ಒಳಗೆ ಕಪ್ಪು. ಅಪ್ಪ ಆಕಾಶ ನೋಡಿ, "ಈ ವರ್ಷ ಮಳೆ ಜಾಸ್ತಿ" ಅಂದರು.

ಅಳಿಯನ ಮುಖ ಅರಳಿತು. "ಮಾವಾ, ಇದೇ ಅಲ್ವಾ ವಿಂಡೋ ಡ್ರೆಸ್ಸಿಂಗ್?"

ವ್ಯಾಪಾರಿ ನನ್ನ ಕಡೆ ತಿರುಗಿದರು. "ಹುಡುಗ ಎಂತ ಹೇಳಿದ್ದು, ಮಾಷ್ಟ್ರೇ?"

"ಏನಿಲ್ಲ, ಕಿಟಕಿಗೆ ಹೊಸ ಪರದೆ ಬೇಕಂತೆ."

ಅವರು ತಲೆಯಾಡಿಸಿದರು. ಕರಿಗೋಟನ್ನು ಗೋಣಿಯ ಬಾಯಿಗೇ ಇಟ್ಟು ಕೈ ಒರೆಸಿಕೊಂಡರು. "ದುಬೈಯಲ್ಲಿ ನನಗೆ ಇದೇ ಕೆಲಸ ಇದ್ದದ್ದು ಮಾಷ್ಟ್ರೇ, ಬಟ್ಟೆ ಅಂಗಡಿಯಲ್ಲಿ. ಗಾಜಿನ ಹಿಂದೆ ಬೊಂಬೆಗೆ ಕೋಟು ಹಾಕುವುದು." ಆಮೇಲೆ ಅಪ್ಪನಿಗೆ ಹೇಳಿದರು: "ಪರದೆಯ ಲೆಕ್ಕ ಹಿಡಿದು ಕಿಲೋಗೆ ಹತ್ತು ರೂಪಾಯಿ ಕಮ್ಮಿ."