ತುಲಾಭಾರಕ್ಕೆ ಮುಂಚೆ ಊಟವಿಲ್ಲ

ಬೆಂಗಳೂರಿನಿಂದ ಮಲೆನಾಡು, ಕರಾವಳಿಯ ಕ್ಷೇತ್ರಗಳಿಗೆ ಕಾರಿನಲ್ಲಿ ಹೊರಡುವ ಹೊಸಬರು ಮೊದಲು ದೇವರ ಪಟ್ಟಿ ಮಾಡುತ್ತಾರೆ. ಅನುಭವಸ್ಥರು ಮೊದಲು ಮಧ್ಯಾಹ್ನದ ಊಟ ಎಲ್ಲಿ ಎಂಬುದನ್ನು ತೀರ್ಮಾನಿಸಿಕೊಳ್ಳುತ್ತಾರೆ. ಧರ್ಮಸ್ಥಳದಲ್ಲಿ ಅನ್ನಪೂರ್ಣ ಛತ್ರವಿದೆ, ಹೊರನಾಡಿನಲ್ಲಿ ಸಾಕ್ಷಾತ್ ಅನ್ನಪೂರ್ಣೇಶ್ವರಿಯೇ ನಿಂತಿದ್ದಾಳೆ, ಶೃಂಗೇರಿಯಲ್ಲಿ ಶಾರದೆಗೆ ಕೈಮುಗಿದವರ ಕಾಲುಗಳು ತಾವಾಗಿಯೇ ಭೋಜನಶಾಲೆಯ ಕಡೆ ತಿರುಗುತ್ತವೆ, ಇನ್ನು ಉಡುಪಿಯ ಕೃಷ್ಣನನ್ನಂತೂ ಹಿರಿಯರು ಅನ್ನಬ್ರಹ್ಮನೆಂದೇ ಕರೆದಿದ್ದಾರೆ. ಇವುಗಳಲ್ಲಿ ಯಾವ ಕ್ಷೇತ್ರದಲ್ಲಿಯೂ ಉಣ್ಣದೆ ಎದ್ದು ಬರುವುದು ನಮ್ಮ ಮನೆಯ ಸಂಪ್ರದಾಯಕ್ಕೆ ಒಗ್ಗುವುದಿಲ್ಲ. ಆದರೆ ದಿನವೊಂದಕ್ಕೆ ಮಧ್ಯಾಹ್ನ ಒಂದೇ ಇರುವುದರಿಂದ, ಶನಿವಾರ ಭಾನುವಾರಗಳ ಎರಡು ರಜೆಗಳೊಳಗೆ ನಾಲ್ಕು ಊಟಗಳನ್ನು ಕೂರಿಸುವುದು ಹೇಗೆಂಬ ಲೆಕ್ಕ ನಮ್ಮ ಯಜಮಾನರ ಪಾಲಿಗೆ ಬಂತು.

ಅವರು ಕಂಪ್ಯೂಟರಿನಲ್ಲಿ ಸೊಗಸಾದ ಕೋಷ್ಟಕವನ್ನೇ ಸಿದ್ಧಪಡಿಸಿದರು. ಬೆಳಗಿನ ಜಾವ ಹೊರಟು ಮೂಡಿಗೆರೆ, ಕಳಸದ ಮೇಲೆ ಹೊರನಾಡು ಸೇರಿ ಅಲ್ಲಿ ಊಟ, ಸಂಜೆಗೆ ಶೃಂಗೇರಿ, ಮಾರನೆಯ ದಿನ ಆಗುಂಬೆಯ 14 ತಿರುವುಗಳನ್ನು ಇಳಿದು ಉಡುಪಿ, ಅಲ್ಲಿಂದ ಧರ್ಮಸ್ಥಳ, ರಾತ್ರಿಗೆ ಮನೆ. ದರ್ಶನಕ್ಕೆ ಪ್ರತಿ ಕ್ಷೇತ್ರದಲ್ಲಿಯೂ ನಲವತ್ತೈದು ನಿಮಿಷವೆಂದು ಬರೆದಿದ್ದರು. ಭಾನುವಾರ ಧರ್ಮಸ್ಥಳದ ಸರದಿಯ ಸಾಲಿನಲ್ಲಿ ನಿಂತವರು ಯಾರೂ ಈ ಅಂಕಿಯನ್ನು ಬರೆಯಲಾರರು. ಸಾಲದ್ದಕ್ಕೆ ನಮ್ಮ ಅತ್ತೆಯವರು ಈ ಕೋಷ್ಟಕವನ್ನು ಕನ್ನಡಕ ಹಾಕಿಕೊಂಡು ಓದಿ, ಎಡೆಯೂರು ಸಿದ್ಧಲಿಂಗೇಶ್ವರ ಹೆದ್ದಾರಿಯ ಪಕ್ಕದಲ್ಲೇ ಇರುವಾಗ ಕಾರು ನಿಲ್ಲಿಸದೆ ಹೋಗುವುದು ಹೇಗೆಂದು ಕೇಳಿದರು. ಅದು ಸೇರಿತು. ಬೇಲೂರಿನ ಚೆನ್ನಕೇಶವನೂ ದಾರಿಯಲ್ಲೇ ಇದ್ದಾನಲ್ಲ ಎಂದರು. ಅವನೂ ಸೇರಿದ. ಅಷ್ಟರಲ್ಲಿ ದೂರವಾಣಿಯಲ್ಲಿ ಸಿಕ್ಕ ನಾದಿನಿ, ಅಷ್ಟು ದೂರ ಹೋಗುತ್ತಿರುವವರು ಕುಕ್ಕೆಗೂ ಹೋಗಿ ತನ್ನ ಮಗಳ ಹೆಸರಿನಲ್ಲಿ ಆಶ್ಲೇಷಾ ಬಲಿ ಮಾಡಿಸಿಕೊಂಡು ಬರಬೇಕೆಂದು ಆಕೆಯ ಗೋತ್ರ, ನಕ್ಷತ್ರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿಯೇಬಿಟ್ಟಳು. ಸುದ್ದಿ ಹೇಗೋ ಹರಡಿ, ಅಕ್ಕಪಕ್ಕದ ಮನೆಯವರ ಗೋತ್ರಗಳೂ ಕುಂಕುಮಾರ್ಚನೆಗೆಂದು ನೂರು ನೂರು ರೂಪಾಯಿಗಳೂ ನನ್ನ ಕೈಸೇರತೊಡಗಿದವು.

ಇದೆಲ್ಲವನ್ನೂ ಯಜಮಾನರು ಹೊಸ ಸಾಲುಗಳನ್ನು ಸೇರಿಸಿ ಸುಧಾರಿಸುತ್ತಿದ್ದರೇನೋ. ಅವರ ಕೋಷ್ಟಕವನ್ನು ತಲೆಕೆಳಗು ಮಾಡಿದ್ದು ಅವರದೇ ಹಳೆಯ ಗಣಿತದ ಅಂಕ. 1994ರಲ್ಲಿ ಅವರು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಬಂದು, ಗಣಿತದ ಪ್ರಶ್ನೆಪತ್ರಿಕೆಯನ್ನು ಯಾರಿಗೂ ತೋರಿಸದೆ ಮಲಗಿಬಿಟ್ಟಾಗ, ಗಾಬರಿಯಾದ ಅತ್ತೆಯವರು ಮಗ ಪಾಸಾದರೆ ಧರ್ಮಸ್ಥಳದಲ್ಲಿ ಬೆಲ್ಲದ ತುಲಾಭಾರ ಮಾಡಿಸುವುದಾಗಿ ಹರಕೆ ಹೊತ್ತಿದ್ದರಂತೆ. ಮಂಜುನಾಥ ಕೇಳಿದ್ದನ್ನು ಕೇಳಿದಷ್ಟೇ ಕೊಟ್ಟ; ನೂರಕ್ಕೆ ಮೂವತ್ತೈದು ಬಂತು. ಆಗ ನಲವತ್ತೆರಡು ಕಿಲೋ ಇದ್ದ ಹುಡುಗನನ್ನು ತೂಗಿಸಲು ಏನೇನೋ ಅಡಚಣೆಗಳು ಬಂದು, ಹರಕೆ ಉಳಿದು, ಬ್ಯಾಂಕಿನ ಸಾಲಕ್ಕೆ ಬಡ್ಡಿ ಏರುವಂತೆ ಏರಿ ಏರಿ ಈಗ ತೊಂಬತ್ತೊಂದು ಕಿಲೋಗೆ ಬಂದು ನಿಂತಿತ್ತು. ಮಾತು ಬಿಡದ ಮಂಜುನಾಥ, ಕಾಸು ಬಿಡದ ತಿಮ್ಮಪ್ಪ ಎನ್ನುತ್ತಾರೆ. ನಮ್ಮವರ ವಿಷಯದಲ್ಲಿ ಮಂಜುನಾಥನೇ ಎರಡು ಖಾತೆಗಳನ್ನೂ ನೋಡಿಕೊಳ್ಳುವಂತೆ ಕಂಡಿತು. ಹರಕೆ ಹೊತ್ತ ದಿನದ ತೂಕವನ್ನೇ ಹಿಡಿಯಬಹುದೇ ಎಂದು ಅತ್ತೆಯವರು ಪುರೋಹಿತರನ್ನು ವಿಚಾರಿಸಿದ್ದಕ್ಕೆ, ತಕ್ಕಡಿಯಲ್ಲಿ ಕೂರುವವನು ಈಗಿನವನೇ ತಾನೇ ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿದರು.

ಅಲ್ಲಿಂದ ಮುಂದಕ್ಕೆ ಯೋಜನೆಯ ತರ್ಕವೇ ಬದಲಾಯಿತು. ಹೊರನಾಡಿನಲ್ಲಿ, ಶೃಂಗೇರಿಯಲ್ಲಿ, ಉಡುಪಿಯಲ್ಲಿ ಉಂಡವನನ್ನು ಕಡೆಗೆ ಧರ್ಮಸ್ಥಳಕ್ಕೆ ಕರೆದೊಯ್ದು ತೂಗುವುದು ಶುದ್ಧ ದಡ್ಡತನವೆಂದು ಅತ್ತೆಯವರು ಘೋಷಿಸಿದರು. ಮೊದಲು ಧರ್ಮಸ್ಥಳ, ಆಮೇಲೆ ಉಳಿದ ದೇವರು. ತುಲಾಭಾರ ಮುಗಿಯುವವರೆಗೆ ಮಗನಿಗೆ ಊಟವಿಲ್ಲ. ಬೆಲ್ಲವನ್ನು ಮಂಡ್ಯದ ಆಲೆಮನೆಯಿಂದಲೇ ತರಿಸಿ ಡಿಕ್ಕಿಯಲ್ಲಿ ಹೇರಿಕೊಂಡು ಹೋಗಬೇಕೆಂಬ ಅವರ ಇನ್ನೊಂದು ಸಲಹೆಯನ್ನು ಮಾತ್ರ ಮಾವನವರು ತಡೆದರು. ಕಾರು ಮಗನನ್ನೂ ಹೊತ್ತು, ಮಗನ ತೂಕದ ಬೆಲ್ಲವನ್ನೂ ಹೊತ್ತು ಘಾಟಿ ಇಳಿದರೆ ಬ್ರೇಕಿಗೆ ಇನ್ನೊಂದು ಹರಕೆ ಹೊರಬೇಕಾದೀತು ಎಂಬುದು ಅವರ ವಾದ. ಹಣ ಕಟ್ಟಿ ಅಲ್ಲಿಯೇ ಸೇವೆ ಮಾಡಿಸುವುದೆಂದಾಯಿತು. ಹಾಗಾದರೆ ಕಾರೇ ಏಕೆ ಎಂಬ ಪ್ರಶ್ನೆಯೂ ಒಂದು ಸಂಜೆ ಎದ್ದಿತ್ತು. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಶೂನ್ಯ ಟಿಕೆಟ್ಟು ಸಿಗುತ್ತಿರುವಾಗ, ನಾವಿಬ್ಬರು ಬಸ್ಸಿನಲ್ಲಿಯೂ ಗಂಡಸರು ಪೆಟ್ರೋಲು ಸುಟ್ಟುಕೊಂಡು ಹಿಂದಿನಿಂದಲೂ ಬರಲಿ ಎಂದು ಅತ್ತೆಯವರು ಗಂಭೀರವಾಗಿಯೇ ಸೂಚಿಸಿದ್ದರು. ಮಗನ ಉಪವಾಸದ ಮೇಲೆ ಕಣ್ಣಿಡಲು ಬಸ್ಸಿನಿಂದ ಆಗುವುದಿಲ್ಲವೆಂದು ಹೊಳೆದ ಮೇಲೆ ಅವರೇ ಕೈಬಿಟ್ಟರು.

ಹೊರಡುವ ಹಿಂದಿನ ರಾತ್ರಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ವಾಹನಗಳು ನಿಂತಿವೆಯೆಂಬ ಸುದ್ದಿ ಬಂದುದರಿಂದ ಚಾರ್ಮಾಡಿಯ ದಾರಿ ಹಿಡಿದೆವು. ಗುಂಡ್ಯದ ಮೇಲಿನ ಕುಕ್ಕೆಯ ದಾರಿ ತಪ್ಪಿದ್ದರಿಂದ ನಾದಿನಿಯ ಮಗಳ ಆಶ್ಲೇಷಾ ಬಲಿ ಮುಂದಕ್ಕೆ ಹೋಯಿತು. ಆ ಮಾತನ್ನು ಅವಳಿಗೆ ತಿಳಿಸುವ ಕೆಲಸವನ್ನು ಎಲ್ಲರೂ ಒಬ್ಬರ ಮೇಲೊಬ್ಬರು ಹಾಕಿದರು. ಎಡೆಯೂರಿನಲ್ಲಿ ಕೈಮುಗಿದು, ಬೇಲೂರಿನಲ್ಲಿ ಶಿಲಾಬಾಲಿಕೆಯರನ್ನು ಓಡೋಡುತ್ತ ನೋಡಿ ಕೊಟ್ಟಿಗೆಹಾರ ತಲಪುವಷ್ಟರಲ್ಲಿ ಯಜಮಾನರ ಮುಖ ಬಾಡಿತ್ತು. ಆ ಊರಿನ ನೀರುದೋಸೆಯ ಹೆಸರು ಬಲ್ಲವರಿಗೆ ಅವರ ಸಂಕಟ ಅರ್ಥವಾದೀತು. ನೀರುದೋಸೆಯಲ್ಲಿ ಇರುವುದೆಲ್ಲ ನೀರೇ ಆದ್ದರಿಂದ ಅದನ್ನು ಆಹಾರವೆಂದು ಪರಿಗಣಿಸಬಾರದೆಂದು ಅವರು ವಾದಿಸಿದರು. ನೀರಿಗೂ ಲೀಟರಿಗೆ ಒಂದು ಕಿಲೋ ತೂಕವಿದೆಯೆಂದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನಮ್ಮ ಮಗ ಯಾರೂ ಕೇಳದೆಯೇ ತಿಳಿಸಿದ. ಘಾಟಿಯ ತಿರುವುಗಳಲ್ಲಿ ಮಾವನವರಿಗೆ ಹೊಟ್ಟೆ ತೊಳಸಿ, ವಾಹನಪೂಜೆಯಲ್ಲಿ ಗಾಲಿಗಳಡಿಗೆ ಇಡಲೆಂದು ತಂದಿದ್ದ ನಾಲ್ಕೂ ನಿಂಬೆಹಣ್ಣುಗಳು ಅವರ ಮೂಗಿನ ಬಳಿಯೇ ಖರ್ಚಾದವು.

ಧರ್ಮಸ್ಥಳದಲ್ಲಿ ಗಂಡಸರು ಅಂಗಿ ತೆಗೆದೇ ಒಳಗೆ ಹೋಗಬೇಕಾದುದರಿಂದ, ತಕ್ಕಡಿ ಏರುವ ಮೊದಲೇ ಯಜಮಾನರ ತೂಕ ಸಾರ್ವಜನಿಕರಿಗೆ ಗೊತ್ತಾಗಿತ್ತು. ಅತ್ತೆಯವರು ಅವರ ಮೊಬೈಲು, ಪವರ್ ಬ್ಯಾಂಕು, ಕಾರಿನ ಬೀಗದ ಕೈ, ಕಡೆಗೆ ಕೈಗಡಿಯಾರವನ್ನೂ ಬಿಚ್ಚಿಸಿ ನನ್ನ ಕೈಗಿತ್ತರು. ಎದುರಿನ ತಟ್ಟೆಗೆ ಬೆಲ್ಲ ಬೀಳುತ್ತಲೇ ಹೋಯಿತು. ನಮ್ಮವರು ಉಸಿರು ಬಿಗಿಹಿಡಿದು ಹಗುರವಾಗಲು ಯತ್ನಿಸುತ್ತಿದ್ದುದು ದೂರಕ್ಕೂ ಕಾಣುತ್ತಿತ್ತು. ಅಂತೂ ತಟ್ಟೆಗಳು ಸರಿಸಮವಾದಾಗ ಅತ್ತೆಯವರ ಕಣ್ಣಲ್ಲಿ ನೀರಾಡಿತು, ಒಡನೆಯೇ ಅವರ ದೃಷ್ಟಿ ಮೊಮ್ಮಗನ ಮೇಲೆ ಬಿತ್ತು. ಮುಂದಿನ ವರ್ಷ ಅವನದೂ ಎಸ್ಸೆಸ್ಸೆಲ್ಸಿ. ಅವರು ಮತ್ತೆ ಕೈ ಜೋಡಿಸುವುದನ್ನು ಕಂಡು ನಾನು ಅವಸರವಾಗಿ ಮುಂದೆ ಬಂದು, ಹುಡುಗ ಈಗಿನ್ನೂ ನಲವತ್ತೆಂಟು ಕಿಲೋ ಇದ್ದಾನೆ, ಹರಕೆ ಹೊರುವುದಾದರೆ ಇವತ್ತೇ ತೂಗಿಸಿಬಿಡೋಣ, ಫಲಿತಾಂಶ ತಾನಾಗಿ ಬರಲಿ ಎಂದೆ.

“ಪಾಸಾಗದೆ ಹೋದರೆ ಬೆಲ್ಲ ವಾಪಸು ಕೇಳುವುದಕ್ಕಾಗುತ್ತದೇನಮ್ಮಾ?” ಎಂದು ಅತ್ತೆಯವರು ಕೇಳಿದ ಪ್ರಶ್ನೆಗೆ ಸೇವಾ ಕೌಂಟರಿನಲ್ಲಿದ್ದವರೂ ಉತ್ತರ ಕೊಡಲಿಲ್ಲ.